ಒಂದು ಶ್ರಾವಣದ ಓದು, ಒಂದು ಶ್ರಾವಣದ ಸಿನಿಮಾ

ನಾನು ವಿಮರ್ಶಕಿಯಲ್ಲ. ಮೂವತ್ತು ವರ್ಷದಿಂದ ಹೈಸ್ಕೂಲು ಹುಡುಗರಿಗೆ ಸಮಾಸ, ಸಂಧಿ, ಛಂದಸ್ಸು ಕಲಿಸುತ್ತ ಬಂದವಳು. ಆದರೂ ಓದಿದ್ದನ್ನು, ನೋಡಿದ್ದನ್ನು ಯಾರಿಗಾದರೂ ಹೇಳದಿದ್ದರೆ ಅನ್ನ ಅರಗುವುದಿಲ್ಲ ಎನ್ನುವ ಜಾತಿಗೆ ಸೇರಿದವಳು. ಸ್ಟಾಫ್ ರೂಮಿನಲ್ಲಿ ನನ್ನ ಕೈಗೆ ಸಿಕ್ಕಿಬಿದ್ದವರು ಬೆಲ್ ಹೊಡೆದರೆ ಸಾಕಪ್ಪ ಎಂದು ಕಾಯುತ್ತಾರೆ. ಇಲ್ಲಿ ಬೆಲ್ ಹೊಡೆಯುವವರಿಲ್ಲ. ಹಾಗಾಗಿ 2025ರ ಶ್ರಾವಣ ಮಾಸದಲ್ಲಿ ನಾನು ಓದಿದ ಎರಡು ಕೃತಿ, ನೋಡಿದ ಎರಡು ಸಿನಿಮಾ, ಇವುಗಳ ಬಗ್ಗೆ ನಿಮಗೇ ಹೇಳಿಬಿಡುತ್ತೇನೆ.

ಆ ಶ್ರಾವಣ ನಮ್ಮ ಮನೆಗೆ ಎಂದಿನಂತೆ ಬರಲಿಲ್ಲ. ಆಷಾಢದಲ್ಲಿ ಮಗಳಿಗೆ ಹೆರಿಗೆಯಾಗಿತ್ತು. ಹೆಣ್ಣು ಮಗು. ಅರಸೀಕೆರೆಯ ನಮ್ಮ ಮನೆಯ ಹಿಂದಿನ ಕೋಣೆಯೇ ಬಾಣಂತಿ ಕೋಣೆ. ಸಾಂಬ್ರಾಣಿ ಹೊಗೆ, ಎಣ್ಣೆ ನೀರು, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಬೆಳ್ಳುಳ್ಳಿ ಹಾಕಿದ ಸಾರು. ಬೆಳಿಗ್ಗೆ ಐದಕ್ಕೆ ಎದ್ದು ಇದನ್ನೆಲ್ಲ ಮುಗಿಸಿ, ಯಜಮಾನರಿಗೆ ಒಪ್ಪಿಸಿ ಶಾಲೆಗೆ ಓಡುವುದು, ಸಂಜೆ ಬಂದು ಮತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸುವುದು. ರಾತ್ರಿ ಮಗು ಎದ್ದರೆ ನಾನೂ ಎದ್ದು ಕೂರುತ್ತಿದ್ದೆ. ನಿದ್ದೆ ಹಾರಿಹೋದ ಮೇಲೆ ಏನು ಮಾಡುವುದು? ಹಾಗೆ ಆದದ್ದು ಈ ಓದು. ಎಲ್ಲವೂ ಝೀರೋ ಕ್ಯಾಂಡಲ್ ಬಲ್ಬಿನ ಪಕ್ಕ ಮೊಬೈಲಿನ ಟಾರ್ಚ್ ಹಿಡಿದು ಓದಿದ್ದು ಎಂದು ಮೊದಲೇ ಹೇಳಿಬಿಡುತ್ತೇನೆ, ತಪ್ಪಿದ್ದರೆ ಕ್ಷಮೆಯಿರಲಿ.

ಮೊದಲು ನೋಡಿದ್ದು ಸಿನಿಮಾ. ಜುಲೈ 25ರಂದು ಬಿಡುಗಡೆಯಾದ ‘ಸು ಫ್ರಮ್ ಸೋ’. ವಾರ ಕಳೆಯುವುದರೊಳಗೆ ನಮ್ಮ ಒಂಬತ್ತನೇ ಕ್ಲಾಸಿನ ಹುಡುಗರೆಲ್ಲ ಅದರ ಮಾತುಗಳನ್ನೇ ಆಡತೊಡಗಿದರು. ಹುಡುಗರಿಗೆ ಗೊತ್ತಿರುವುದು ಟೀಚರಿಗೆ ಗೊತ್ತಿಲ್ಲದಿದ್ದರೆ ಹೇಗೆ? ಆಗಸ್ಟ್ ಮೊದಲ ಶನಿವಾರ ಬೆಳಗಿನ ಶಾಲೆ ಮುಗಿಸಿ ನಾವು ನಾಲ್ವರು ಟೀಚರುಗಳು ಹಾಸನದ ಬಸ್ಸು ಹತ್ತಿದೆವು. “ಹೋಗಿ ಬಾರಮ್ಮ, ಎಷ್ಟು ದಿನ ಆಯ್ತು ನೀನು ಆಚೆ ಹೋಗಿ” ಎಂದು ಮಗಳೇ ಕಳಿಸಿದ್ದಳು. ಗೋಡೆಯ ಕಡೆ ಮುಖ ಮಾಡಿ ಮಲಗಿಕೊಂಡೇ ಹೇಳಿದ್ದಳು ಎನ್ನುವುದು ಆಗ ನನ್ನ ಗಮನಕ್ಕೆ ಬರಲಿಲ್ಲ.

ಟಾಕೀಸು ತುಂಬಿತ್ತು. ಅಜ್ಜಿಯರು, ಸೊಸೆಯರು, ಮಕ್ಕಳು, ಎಲ್ಲರೂ ಬಂದಿದ್ದರು. ಕನ್ನಡ ಸಿನಿಮಾಕ್ಕೆ ಮನೆಮಂದಿಯೆಲ್ಲ ಹೊರಟು ಬಂದದ್ದನ್ನು ನೋಡಿ ನನ್ನ ಕಣ್ಣು ತೇವವಾಯಿತು. ಜೆ.ಪಿ. ತೂಮಿನಾಡು ಬರೆದು, ನಿರ್ದೇಶಿಸಿ, ಮುಖ್ಯ ಪಾತ್ರವನ್ನೂ ಮಾಡಿರುವ ಚಿತ್ರ. ದೊಡ್ಡ ನಾಯಕನಿಲ್ಲ, ಹೊಡೆದಾಟವಿಲ್ಲ. ಕರಾವಳಿಯ ಒಂದು ಹಳ್ಳಿ, ಅಲ್ಲಿನ ಮಾತು, ಅಲ್ಲಿನ ಜನ. ಅಶೋಕನೆಂಬ ಹುಡುಗ ಒಂದು ರಾತ್ರಿ ಮಾಡಬಾರದ ತುಂಟತನ ಮಾಡಿ, ಸಿಕ್ಕಿಬೀಳುವ ಭಯಕ್ಕೆ ಮೈಮೇಲೆ ದೆವ್ವ ಬಂದವನಂತೆ ನಟಿಸುತ್ತಾನೆ. ಊರಿನವರು ನಂಬಿಬಿಡುತ್ತಾರೆ. ದೆವ್ವದ ಹೆಸರು ಸುಲೋಚನ, ಊರು ಸೋಮೇಶ್ವರ. ಚಿತ್ರದ ಹೆಸರಿನ ಗುಟ್ಟು ಅಷ್ಟೇ. ರಾಜ್ ಬಿ. ಶೆಟ್ಟಿಯವರ ಗುರೂಜಿ ಬಂದ ಮೇಲಂತೂ ನಮ್ಮ ಪಕ್ಕದ ಸೀಟಿನ ಅಜ್ಜಿ ನಗುತ್ತ ನಗುತ್ತ ನನ್ನ ಭುಜಕ್ಕೇ ಒರಗಿಬಿಟ್ಟರು. ಅವರು ಯಾರೋ, ನಾನು ಯಾರೋ.

ನಗಿಸುವುದು ಸುಲಭದ ಕೆಲಸವಲ್ಲ. ಹೆಂಗಸರನ್ನು ಹೀಯಾಳಿಸದೆ, ಎರಡರ್ಥದ ಮಾತಿಗೆ ಹೆಚ್ಚು ಜೋತುಬೀಳದೆ ಊರೊಂದರ ಪೆದ್ದುತನ, ಒಳ್ಳೆಯತನ ಎರಡನ್ನೂ ಹೀಗೆ ತೋರಿಸಿದ್ದಕ್ಕೆ ಅವರಿಗೆ ಪೂರ್ತಿ ಅಂಕ. ಮೊದಲರ್ಧದಷ್ಟು ಬಿಗಿ ಎರಡನೆಯ ಅರ್ಧದಲ್ಲಿ ಇಲ್ಲ ಎಂದು ನಮ್ಮ ಗಣಿತದ ಮೇಡಂ ಅಂದರು. ಅದೂ ನಿಜವೇ. ಆದರೆ ನನಗೆ ಮುಖ್ಯವಾಗಿ ಕಂಡದ್ದು ಆ ಎರಡನೆಯ ಅರ್ಧವೇ. ಸುಲೋಚನ ಬರಿಯ ಕಟ್ಟುಕತೆಯಲ್ಲ, ಬಾಳಿ ಸತ್ತ ಹೆಂಗಸು. ಅವಳಿಗೊಬ್ಬಳು ಮಗಳಿದ್ದಾಳೆ, ಭಾನು. ಆ ಹುಡುಗಿಗೆ ಹತ್ತಿರದವರಿಂದಲೇ ಕಾಟ. ಕೊನೆಗೆ ಅವಳ ನೆರವಿಗೆ ಬರುವುದು ಈ ಸುಳ್ಳು ದೆವ್ವವೇ.

ಬಸ್ಸಿನಲ್ಲಿ ವಾಪಸು ಬರುವಾಗ ಇದೇ ಯೋಚನೆ. ಬದುಕಿರುವ ಹುಡುಗಿ ತನ್ನ ಕಷ್ಟವನ್ನು ತನ್ನ ಬಾಯಿಂದಲೇ ಹೇಳಿದ್ದರೆ ಊರು ಕೇಳುತ್ತಿತ್ತೇ? ಸತ್ತ ಹೆಂಗಸು, ಅದೂ ಒಬ್ಬ ಗಂಡಸಿನ ಮೈಮೇಲೆ ಬಂದು ಹೇಳಿದರೆ ಊರೆಲ್ಲ ಕೈಮುಗಿದು ಕೇಳುತ್ತದೆ. ನಿರ್ದೇಶಕರು ಇದನ್ನು ಭಾಷಣ ಮಾಡದೆ ನಗೆಯೊಳಗೆ ಇಟ್ಟಿದ್ದಾರೆ. ಅದು ಅವರ ಹೆಚ್ಚುಗಾರಿಕೆ. ನನ್ನ ತಕರಾರು ಒಂದೇ. ಭಾನುವಿಗೆ ಇನ್ನಷ್ಟು ಮಾತು ಕೊಡಬಹುದಿತ್ತು. ಅವಳ ಸಂಕಟವನ್ನು ನಾವು ಅಶೋಕನ ಕಣ್ಣಿಂದ ನೋಡುತ್ತೇವೆ, ಅವನು ಒಳ್ಳೆಯವನಾಗಲು ಅದು ಮೆಟ್ಟಿಲಾಗುತ್ತದೆ.

ಮನೆಗೆ ಬಂದವಳೇ ಕೈಕಾಲು ತೊಳೆದು ಮಗಳಿಗೆ ಕತೆಯನ್ನೆಲ್ಲ ಅಭಿನಯಿಸಿ ತೋರಿಸಿದೆ. ಅವಳು ನಗಲಿಲ್ಲ. “ಮೈಮೇಲೆ ಬಂದರೆ ಎಲ್ಲರೂ ಕೇಳ್ತಾರೆ ಅಲ್ವಾ ಅಮ್ಮ” ಅಂದಳು. “ಹೂಂ, ಅದೇ ತಮಾಷೆ” ಎಂದು ನಾನು ನಗುತ್ತಲೇ ಒಲೆ ಹಚ್ಚಲು ಹೋದೆ.

ಆಗಸ್ಟ್ 8, ವರಮಹಾಲಕ್ಷ್ಮಿ ಹಬ್ಬ. ಬಾಗಿನ ತೆಗೆದುಕೊಳ್ಳಲು ಬಂದ ಹೆಂಗಸರು ಬಾಣಂತಿ ಕೋಣೆಗೂ ಇಣುಕಿದರು. ಮಗು ಅಳುತ್ತಿತ್ತು. ಮಗಳು ಅದರ ಕಡೆ ತಿರುಗಿಯೂ ನೋಡದೆ ಕೂತಿದ್ದಳು. ಕಣ್ಣಿಂದ ನೀರು ತಾನಾಗಿ ಇಳಿಯುತ್ತಿತ್ತು. “ಅಮ್ಮ, ಇದನ್ನು ನೀನೇ ಇಟ್ಟುಕೋ. ನನ್ನ ಕೈಲಿ ಆಗಲ್ಲ. ನಾನು ತಾಯಿಯಾಗೋಕೆ ಲಾಯಕ್ಕಿಲ್ಲ” ಅಂದಳು. ಬಂದವರಲ್ಲಿ ಒಬ್ಬರು ಸೋಂಕು ಅಂದರು, ಇನ್ನೊಬ್ಬರು ದೃಷ್ಟಿ ಅಂದರು. ನಾನು ಏನು ಅಂದೆ ಗೊತ್ತೇ? ಬಿ.ಎ., ಬಿ.ಎಡ್. ಮಾಡಿದ ನಾನು, ಶಿಶು ಮನೋವಿಜ್ಞಾನದ ಪೇಪರು ಬರೆದು ಪಾಸಾದ ನಾನು, “ನಾವೆಲ್ಲ ಹೆತ್ತಿಲ್ಲವೇ? ಹಬ್ಬದ ದಿನ ಇದೆಂಥ ನಾಟಕ?” ಅಂದೆ. ನಾಲ್ಕು ಜನರ ಮುಂದೆ ಅಂದೆ.

ಆ ರಾತ್ರಿ ಮಗು ಮಲಗಿದರೂ ಮಗಳು ಮಲಗಲಿಲ್ಲ. ಅವಳು ಹಾಗೆ ಕಣ್ಣು ಬಿಟ್ಟುಕೊಂಡಿದ್ದು ಅದು ಎಷ್ಟನೆಯ ರಾತ್ರಿಯೋ. ನಾನು ಕಪಾಟಿನಿಂದ ಹಳೆಯ ‘ಶರಪಂಜರ’ವನ್ನು ತೆಗೆದೆ. ಅದನ್ನೇ ಯಾಕೆ ತೆಗೆದೆ ಎಂದು ಕೇಳಿದರೆ, ನಮ್ಮ ಚಿಕ್ಕಮ್ಮನಿಂದ ಎಂದು ಹೇಳಬೇಕು.

1979ರಲ್ಲಿ, ನನಗೆ ಹತ್ತು ವರ್ಷವಿದ್ದಾಗ, ಚಿಕ್ಕಮ್ಮನಿಗೆ ಎರಡನೆಯ ಹೆರಿಗೆಯಾದ ಮೇಲೆ ಬುದ್ಧಿ ಕೆಟ್ಟಿತು ಎಂದರು. ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮೂರು ತಿಂಗಳಿಗೆ ಪೂರ್ತಿ ಗುಣವಾಗಿ ಬಂದಳು. ಆಸ್ಪತ್ರೆಯವರು ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು. ಆಮೇಲಿನ ಕೆಲಸ ನಮ್ಮ ಮನೆಯದಾಗಿತ್ತು. ಈಳಿಗೆಮಣೆಯನ್ನು ಅಟ್ಟದ ಮೇಲೆ ಇಟ್ಟರು. ಕೂಸನ್ನು ಅಜ್ಜಿ ತನ್ನ ಪಕ್ಕ ಮಲಗಿಸಿಕೊಂಡಳು. “ಚಿಕ್ಕಮ್ಮ ಏನಾದರೂ ಕೊಟ್ಟರೆ ತಿನ್ನಬೇಡ, ಹೊಟ್ಟೆ ತುಂಬಿದೆ ಅನ್ನು” ಎಂದು ನನಗೆ ಹೇಳಿಕೊಟ್ಟಿದ್ದರು. ಚಿಕ್ಕಮ್ಮ ಒಂದು ದಿನ ಚಕ್ಕುಲಿ ಕೊಟ್ಟಾಗ ನಾನು ಹಾಗೆಯೇ ಅಂದೆ. ಅವಳು ಚಕ್ಕುಲಿಯನ್ನು ಮತ್ತೆ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ ಸದ್ದು ನನಗೆ ಈಗಲೂ ಕೇಳುತ್ತದೆ.

ಕೆಲವು ವರ್ಷಗಳ ಮೇಲೆ, ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ರಜೆಯಲ್ಲಿ, ದೂರದರ್ಶನದಲ್ಲಿ ‘ಶರಪಂಜರ’ ಬಂತು. ಕಲ್ಪನಾ ಆಸ್ಪತ್ರೆ ಸೇರುವ ಭಾಗ ಬರುತ್ತಲೇ ಮನೆಯವರೆಲ್ಲ ಮುಖ ಮುಖ ನೋಡಿಕೊಂಡರು. ನಮ್ಮ ದೊಡ್ಡಪ್ಪ ಎದ್ದು ಹೋಗಿ ಟೀವಿ ಆರಿಸಿದರು. ಬಾಗಿಲ ಬಳಿ ನಿಂತಿದ್ದ ಚಿಕ್ಕಮ್ಮ, “ಭಾವ, ಹಾಕಿ. ನಾನೂ ನೋಡಬೇಕು” ಅಂದಳು. ಜೋರಾಗಿಯೇನೂ ಅನ್ನಲಿಲ್ಲ. ದೊಡ್ಡಪ್ಪ ಕೇಳಿಸದವರಂತೆ ಹೊರಗೆ ಹೋದರು. ಅಜ್ಜಿ ಕಣ್ಣಿನಲ್ಲೇ ಎಲ್ಲರಿಗೂ ಸನ್ನೆ ಮಾಡಿದಳು, ಮಾತಾಡಿಸಬೇಡಿ ಎಂದು. ಆ ದಿನ ನಾನು ಅರ್ಧ ಸಿನಿಮಾ ತಪ್ಪಿಹೋಯಿತಲ್ಲ ಎಂದು ಬೇಸರಪಟ್ಟೆ. ಬೇಸರ ಪಡಬೇಕಾದ್ದು ಬೇರೆಯೇ ಇತ್ತು.

ಈಗ ಪುಸ್ತಕದ ಮಾತು. ತ್ರಿವೇಣಿಯವರು ಹುಟ್ಟಿದ್ದು 1928ರಲ್ಲಿ, ಹೋದದ್ದು 1963ರಲ್ಲಿ. ಮೂವತ್ತೈದು ತುಂಬಿರಲಿಲ್ಲ, ಅದೂ ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ. ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದವರು. ಆ ಕಾಲಕ್ಕೆ ಕನ್ನಡದ ಮನೆಗಳಲ್ಲಿ ಹೆಂಗಸಿನ ಮನಸ್ಸಿಗೂ ಜ್ವರ ಬರುತ್ತದೆ, ಅದಕ್ಕೂ ಔಷಧಿಯಿದೆ ಎಂದು ಕತೆಯ ಮೂಲಕ ಹೇಳಿದವರು. ‘ಬೆಕ್ಕಿನ ಕಣ್ಣು’, ‘ಶರಪಂಜರ’ ಓದಿದ ನಮ್ಮ ತಾಯಂದಿರ ತಲೆಮಾರು ಅವರನ್ನು ಕತೆಗಾರ್ತಿ ಎನ್ನುವುದಕ್ಕಿಂತ ಒಬ್ಬ ಅಕ್ಕ ಎಂದೇ ತಿಳಿದಿತ್ತು. ದೊಡ್ಡ ವಿಮರ್ಶಕರು ‘ಜನಪ್ರಿಯ’ ಎಂದು ಪಕ್ಕಕ್ಕಿಟ್ಟರೆ ಇಟ್ಟುಕೊಳ್ಳಲಿ. ಬಾಣಂತಿ ಕೋಣೆಯಲ್ಲಿ ಕೈಗೆ ಸಿಕ್ಕ ಪುಸ್ತಕ ಇದೇ.

ಕಾವೇರಿ ಚೆಲುವೆ, ಗೆಲುವಿನವಳು. ಮೆಚ್ಚಿ ಮದುವೆಯಾದ ಗಂಡ ಸತೀಶ. ಹೆರಿಗೆಯ ಮೇಲೆ ಅವಳ ಮನಸ್ಸು ಕದಡುತ್ತದೆ, ಆಸ್ಪತ್ರೆ ಸೇರುತ್ತಾಳೆ, ಗುಣವಾಗುತ್ತಾಳೆ. ಬೇರೆಯವರಾಗಿದ್ದರೆ ಕತೆಯನ್ನು ಅಲ್ಲಿಗೆ ಮುಗಿಸಿ ಮಂಗಳಾರತಿ ಎತ್ತುತ್ತಿದ್ದರು. ತ್ರಿವೇಣಿಯವರ ನಿಜವಾದ ಕತೆ ಶುರುವಾಗುವುದೇ ಅವಳು ಮನೆಗೆ ಹಿಂದಿರುಗಿದ ಮೇಲೆ. ಅವಳು ನಕ್ಕರೆ ಒಂದು ಅನುಮಾನ, ಸುಮ್ಮನಿದ್ದರೆ ಇನ್ನೊಂದು. ಸಿಟ್ಟು ಬಂದರಂತೂ ಮುಗಿಯಿತು. ಎಲ್ಲರಿಗೂ ಬರುವ ಸಿಟ್ಟು ಅವಳಿಗೆ ಬಂದರೆ ಮಾತ್ರ ಅದು ರೋಗ. ಮನೆಕೆಲಸದವರಿಂದ ನೆರೆಹೊರೆಯವರವರೆಗೆ ಎಲ್ಲರೂ ಅವಳನ್ನು ಹುಚ್ಚಿ ಎಂದೇ ನೋಡುತ್ತಾರೆ. ಗಂಡ ದೂರವಾಗುತ್ತಾನೆ, ಬೇರೊಬ್ಬಳ ಸಂಗ ಮಾಡುತ್ತಾನೆ. ಅವಳು ಕಂಡದ್ದು ನಿಜವೇ ಆದರೂ ಅವಳ ನಿಜಕ್ಕೆ ಸಾಕ್ಷಿಯಿಲ್ಲ. ಕೊನೆಗೆ ಎಲ್ಲರೂ ಏನೆಂದು ಕರೆದರೋ ಅವಳು ಅದೇ ಆಗಿಬಿಡುತ್ತಾಳೆ.

ಹದಿನೆಂಟರಲ್ಲಿ ಓದಿದಾಗ ಸತೀಶನ ಮೇಲೆ ಸಿಟ್ಟು ಬಂದಿತ್ತು. ಮೂವತ್ತರಲ್ಲಿ ಓದಿದಾಗ ಕಾವೇರಿಗಾಗಿ ಅತ್ತಿದ್ದೆ. ಈ ಸಲ ಓದುವಾಗ ನಾನು ಹುಡುಕಿದ್ದು ನನ್ನನ್ನು. ಕಾದಂಬರಿಯಲ್ಲಿ ನಾನು ಎಲ್ಲಿದ್ದೇನೆ? ಕಾವೇರಿ ನಾನಲ್ಲ. ಬಾಗಿಲಲ್ಲಿ ನಿಂತು ಇಣುಕುವ ಹೆಂಗಸರ ಗುಂಪಿನಲ್ಲಿ, ಕುಂಕುಮ ತೆಗೆದುಕೊಂಡು ಪಿಸುಗುಟ್ಟುವವರ ನಡುವೆ ನಿಂತಿದ್ದೇನೆ. ಹತ್ತು ವರ್ಷದವಳಾಗಿ ನಿಂತಿದ್ದೆ, ಐವತ್ತಾರರಲ್ಲಿ ಮತ್ತೆ ನಿಂತಿದ್ದೇನೆ, ನನ್ನ ಸ್ವಂತ ಮಗಳ ಮುಂದೆ.

ಪುಸ್ತಕವನ್ನು ಹೊಗಳಿ ಬಿಟ್ಟುಬಿಟ್ಟರೆ ಅದು ವಿಮರ್ಶೆಯಾಗುವುದಿಲ್ಲ. ಎರಡು ಮಾತು ಹೇಳಬೇಕು. ಒಂದು, ಕಾವೇರಿಯ ಕಾಯಿಲೆಗೆ ಅವಳ ಮದುವೆಗೆ ಮುಂಚಿನ ಒಂದು ಸಂಗತಿಯನ್ನು, ಅದರ ಪಾಪಪ್ರಜ್ಞೆಯನ್ನು ತ್ರಿವೇಣಿ ಕಾರಣವಾಗಿ ತರುತ್ತಾರೆ. ಆ ಕಾಲದ ಮನಶ್ಶಾಸ್ತ್ರ ಹಾಗಿತ್ತು. ಈಗಿನ ವೈದ್ಯರು ಬೇರೆ ಹೇಳುತ್ತಾರೆ. ಹೆರಿಗೆಯಾದ ಕೂಡಲೇ ದೇಹದ ಹಾರ್ಮೋನುಗಳು ಸರ್ರನೆ ಇಳಿಯುತ್ತವೆ, ನಿದ್ದೆ ಕೆಡುತ್ತದೆ, ಕೆಲವರಲ್ಲಿ ವಂಶದ ಎಳೆಯೂ ಇರುತ್ತದೆ. ಮೊದಲ ಹದಿನೈದು ದಿನದ ಸಣ್ಣ ಅಳು ತುಂಬ ಜನಕ್ಕೆ ಬಂದು ಹೋಗುತ್ತದೆ. ಅದು ಹೋಗದೆ ನಿಂತರೆ ಖಿನ್ನತೆ. ಕಾವೇರಿಗೆ ಆದಂಥ ತೀವ್ರ ಕಾಯಿಲೆ ಸಾವಿರ ಹೆರಿಗೆಗೆ ಒಂದೋ ಎರಡೋ. ಇದಕ್ಕೆ ಯಾರೂ ಯಾವ ಪಾಪವನ್ನೂ ಮಾಡಿರಬೇಕಿಲ್ಲ. ಕಾರಣ ಹುಡುಕಿ ಹೆಣ್ಣಿನ ನಡತೆಗೇ ಬಂದು ನಿಲ್ಲುವುದು ಕಾದಂಬರಿಯ ಊನ ಎಂದೇ ನನಗೆ ಈಗ ಅನ್ನಿಸುತ್ತದೆ. ಎರಡು, ಕಾವೇರಿಗೆ ಕೊನೆಯವರೆಗೂ ಜೊತೆ ನಿಲ್ಲುವ ಒಬ್ಬ ಗೆಳತಿಯೂ ಇಲ್ಲ. ಇದು ಊನವೋ, ಕಂಡ ಸತ್ಯವೋ, ಎರಡು ರಾತ್ರಿ ಯೋಚಿಸಿದೆ. ಚಿಕ್ಕಮ್ಮನಿಗೆ ಯಾರಿದ್ದರು ಎಂದು ನೆನೆಸಿಕೊಂಡೆ. ತ್ರಿವೇಣಿಯವರದೇ ಸರಿ ಎಂದು ಪುಸ್ತಕ ಮಡಿಸಿದೆ.

ಸೋಮವಾರ ರಜೆ ಹಾಕಿ ಮಗಳನ್ನು ಹಾಸನದ ಮನೋವೈದ್ಯೆಯ ಹತ್ತಿರ ಕರೆದುಕೊಂಡು ಹೋದೆ. ಅಳಿಯನೂ ಬೆಂಗಳೂರಿನಿಂದ ಬಂದ. ವೈದ್ಯೆ ನಲವತ್ತು ನಿಮಿಷ ಅವಳ ಹತ್ತಿರವೇ ಮಾತಾಡಿದರು, ನನ್ನನ್ನು ಹೊರಗೆ ಕೂರಿಸಿದರು. ನನಗೆ ಅದು ಬೇಕಾಗಿತ್ತು. ಮಾತ್ರೆ ಕೊಟ್ಟರು, ಮಗುವಿಗೆ ಹಾಲು ಕೊಡುತ್ತಲೇ ತೆಗೆದುಕೊಳ್ಳಬಹುದಾದದ್ದು. ರಾತ್ರಿ ಒಂದೇ ಸಮನೆ ನಾಲ್ಕೈದು ಗಂಟೆ ನಿದ್ದೆ ಮಾಡಲು ಬಿಡಿ, ಆ ಹೊತ್ತಿನಲ್ಲಿ ಮಗು ನಿಮ್ಮದು ಎಂದು ನನಗೂ ಅಳಿಯನಿಗೂ ಹೇಳಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಿಭಾಗ 2009ರಿಂದಲೇ ಇದೆ, ನಿಮಗೆ ಅದು ಬೇಕಾಗಲಾರದು, ಆದರೂ ತಿಳಿದಿರಲಿ ಅಂದರು. 14416 ಎಂಬ ಟೆಲಿ ಮಾನಸ್ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟರು. 2022ರಲ್ಲಿ ಶುರುವಾದದ್ದು, ದುಡ್ಡು ಕೊಡಬೇಕಿಲ್ಲ. ಆ ಚೀಟಿ ಈಗ ನಮ್ಮ ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಗ್ಯಾಸಿನವನ ನಂಬರಿನ ಜೊತೆ ಅಂಟಿದೆ. ಇದನ್ನೆಲ್ಲ ವಿಮರ್ಶೆಯಲ್ಲಿ ಯಾಕೆ ಬರೆದಳು ಎಂದು ಕೇಳಬೇಡಿ. ಯಾರ ಮನೆಯಲ್ಲಿ ಯಾರು ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೋ.

ಮೂರನೆಯ ವಾರ ‘ಕರಿ ನಾಗರಗಳು’ ಕತೆಯನ್ನು ಓದಿದೆ. ಆ ಮೇ ತಿಂಗಳಲ್ಲಿ ನಮ್ಮ ಹಾಸನದ ಬಾನು ಮುಷ್ತಾಕರಿಗೆ, ದೀಪಾ ಭಾಸ್ತಿಯವರ ಅನುವಾದಕ್ಕೆ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ ಅವರ ಕತೆಗಳು ಸ್ಟಾಫ್ ರೂಮಿನಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದವು. ಗಿರೀಶ್ ಕಾಸರವಳ್ಳಿಯವರು ಇದೇ ಕತೆಯನ್ನು 2004ರಲ್ಲಿ ‘ಹಸೀನಾ’ ಮಾಡಿದ್ದರು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಪ್ರಶಸ್ತಿ ಬರುವವರೆಗೆ ಪಕ್ಕದೂರಿನ ಲೇಖಕಿಯನ್ನು ನಾವು ಓದಿರಲಿಲ್ಲ ಎನ್ನುವುದು ನಾಚಿಕೆಯ ಮಾತು. ಒಪ್ಪಿಕೊಂಡುಬಿಡುತ್ತೇನೆ.

ಬರೀ ಹೆಣ್ಣು ಹೆತ್ತಳೆಂದು ಗಂಡ ಬಿಟ್ಟುಹೋದ ಬಡ ಹೆಂಗಸು, ಕಾಯಿಲೆಯ ಮಗುವನ್ನು ಕಟ್ಟಿಕೊಂಡು ನ್ಯಾಯ ಕೇಳಲು ಮುತವಲ್ಲಿಯ ಮುಂದೆ ನಿಲ್ಲುತ್ತಾಳೆ. ಅವರು ಕೇಳುವುದಿಲ್ಲ. ಮಗು ಹೋಗುತ್ತದೆ. ಆಮೇಲೆ ಊರ ಹೆಂಗಸರಿಗೆ ಬಾಯಿ ಬರುತ್ತದೆ, ಒಬ್ಬೊಬ್ಬರೇ ಶಾಪ ಹಾಕುತ್ತಾರೆ. ಮುತವಲ್ಲಿಯ ಹೆಂಡತಿಯೇ ಗಂಡನ ಮಾತು ಮೀರಿ ಆಪರೇಷನ್ನಿಗೆ ಹೊರಡುತ್ತಾಳೆ. ಬಾನು ಅವರ ಗದ್ಯದಲ್ಲಿ ಅಲಂಕಾರ ಕಡಿಮೆ, ವಕೀಲರ ನೇರ. ಕೆಲವು ಕಡೆ ಪಾತ್ರಗಳು ಲೇಖಕಿಯ ವಾದವನ್ನೇ ಒಪ್ಪಿಸುತ್ತವೆ ಎನ್ನಿಸಿದ್ದುಂಟು. ಆದರೆ ಆ ಹೆಂಗಸರ ಶಾಪದ ಪುಟ ಬಂದಾಗ ನನ್ನ ಮೈ ಜುಮ್ಮೆಂದಿತು. ಕಾವೇರಿಗೆ ಇಲ್ಲದೆ ಹೋದದ್ದು ಇದೇ ಗುಂಪು. ಇಲ್ಲೂ ಗುಂಪು ಬಂದದ್ದು ಮಗು ಸತ್ತ ಮೇಲೆ, ತಡವಾಗಿ. ಒಂದು ಕಡೆ ದೆವ್ವ ಹೇಳಿದರೆ ಕೇಳುತ್ತಾರೆ, ಇನ್ನೊಂದು ಕಡೆ ಹೆಣ ಬಿದ್ದರೆ ಕೇಳುತ್ತಾರೆ. ಹೆಂಗಸು ಬದುಕಿರುವಾಗ, ಸ್ವಸ್ಥಳಾಗಿ, ಸಣ್ಣ ದನಿಯಲ್ಲಿ ಹೇಳಿದ್ದನ್ನು ಕೇಳುವವರ ಕತೆ ಕನ್ನಡದಲ್ಲಿ ಇನ್ನಷ್ಟು ಬರಬೇಕು. ಕತೆಯಲ್ಲಿ ಬರುವುದಕ್ಕೆ ಮೊದಲು ಮನೆಯಲ್ಲಿ ಬರಬೇಕೇನೋ.

ತಿಂಗಳ ಕೊನೆಗೆ, 1980ರ ದಶಕದಲ್ಲಿ ಅರ್ಧಕ್ಕೆ ನಿಂತಿದ್ದ ಸಿನಿಮಾವನ್ನು ಮೊಬೈಲಿನಲ್ಲಿ ಪೂರ್ತಿ ನೋಡಿದೆ. ಪುಟ್ಟಣ್ಣ ಕಣಗಾಲರ ‘ಶರಪಂಜರ’. ಮೊದಲರ್ಧದ ಕೊಡಗಿನ ಹಸಿರು, ವಿಜಯಭಾಸ್ಕರರ ಸಂಗೀತ, ಆ ಕಾಲದ ಸೀರೆಗಳು. ಕಲ್ಪನಾ ಅವರದು ಕಣ್ಣಿನಿಂದ ಬೆರಳ ತುದಿಯವರೆಗೂ ನಟನೆ. ಈಗಿನವರಿಗೆ ಅತಿಯೆನಿಸಬಹುದು. ನನಗೂ ಕೊನೆಯ ಭಾಗದ ಆರ್ಭಟಕ್ಕಿಂತ ನಡುವಿನ ಮೌನದ ದೃಶ್ಯಗಳೇ ಹಿಡಿಸಿದವು. ಗುಣವಾಗಿ ಬಂದವಳು ಮನೆಯವರ ಮುಖವನ್ನು ಓದುತ್ತ, ತಾನು ಸರಿಯಿದ್ದೇನೆ ಎಂದು ತೋರಿಸಲು ನಗುವ ಆ ನಗು! ನಮ್ಮ ಚಿಕ್ಕಮ್ಮ ವರ್ಷಗಟ್ಟಲೆ ನಕ್ಕಿದ್ದು ಅದೇ ನಗು. ಒಂದು ಮಾತು ಮಾತ್ರ ಹೇಳಬೇಕು. ಸಿನಿಮಾ ನಮ್ಮನ್ನು ಎಷ್ಟು ಚೆನ್ನಾಗಿ ಅಳಿಸುತ್ತದೆ ಎಂದರೆ, ಅತ್ತು ಹಗುರಾಗಿ ಎದ್ದು ಹೋಗುತ್ತೇವೆ. ನಮ್ಮ ಮನೆಯಲ್ಲೇ ಯಾರಾದರೂ ಹುಡುಗಿ ದನಿ ಎತ್ತಿದರೆ “ಏನೇ, ಶರಪಂಜರದ ಕಲ್ಪನಾ ಆಗ್ತೀಯಾ?” ಎನ್ನುತ್ತಿದ್ದರು. ಅತ್ತವರೇ ಹಾಗೆ ಹಾಸ್ಯ ಮಾಡುತ್ತಿದ್ದರು. ಕಾದಂಬರಿ ಅಷ್ಟು ಸುಲಭವಾಗಿ ನಮ್ಮನ್ನು ಬಿಡುವುದಿಲ್ಲ.

ಆಗಸ್ಟ್ 26, ಗೌರಿ ಹಬ್ಬ. ಶ್ರಾವಣ ಮುಗಿದು ಭಾದ್ರಪದ ಬಂದಿತ್ತು. ತಿಪಟೂರಿನಿಂದ ಚಿಕ್ಕಮ್ಮ ಬಂದಳು. ಎಪ್ಪತ್ತು ದಾಟಿದೆ, ಮಂಡಿನೋವು. ನಮ್ಮ ಕುಟುಂಬದ ಎಷ್ಟೋ ಕೂಸುಗಳ ತೊಟ್ಟಿಲು ಶಾಸ್ತ್ರಕ್ಕೆ ಬಂದಿದ್ದಾಳೆ, ಎಲ್ಲದಕ್ಕೂ ದೂರದಲ್ಲೇ ಕೂತು ಉಡುಗೊರೆ ಕೊಟ್ಟು ಹೋಗಿದ್ದಾಳೆ. ಆ ದಿನವೂ ಬಾಣಂತಿ ಕೋಣೆಯ ಹೊಸ್ತಿಲಲ್ಲೇ ನಿಂತು, “ಚೆನ್ನಾಗಿದೆ ಕೂಸು, ದೇವರು ಒಳ್ಳೇದು ಮಾಡಲಿ” ಅಂದಳು.

ಮಗಳು ಪೂರ್ತಿ ಸರಿಹೋಗಿದ್ದಳು ಎಂದು ನಾನು ಹೇಳುವುದಿಲ್ಲ. ಮಾತ್ರೆ ಇನ್ನೂ ನಡೆಯುತ್ತಿತ್ತು, ಕೆಲವು ಸಂಜೆ ಅಳು ಬರುತ್ತಿತ್ತು. ಆದರೆ ನಿದ್ದೆ ಬರುತ್ತಿತ್ತು. ಮಗುವಿನ ಮುಖ ನೋಡುತ್ತಿದ್ದಳು. “ಅಜ್ಜಿ, ಒಳಗೆ ಬನ್ನಿ, ಕೂತ್ಕೊಳಿ” ಎಂದು ಜಾಗ ಬಿಟ್ಟಳು. ಮಗುವನ್ನು ಎತ್ತಿ ಚಿಕ್ಕಮ್ಮನ ತೊಡೆಯ ಮೇಲೆ ಇಟ್ಟಳು. ಚಿಕ್ಕಮ್ಮ ನನ್ನ ಮುಖ ನೋಡಿದಳು, ಇಟ್ಟುಕೊಳ್ಳಲೇ ಎನ್ನುವಂತೆ.

ನಾನು ಅಡುಗೆಮನೆಗೆ ಹೋಗಿ ಅವಳು ತಂದಿದ್ದ ಡಬ್ಬಿಯನ್ನು ತೆರೆದೆ. ಚಕ್ಕುಲಿಯಿತ್ತು. ಒಂದನ್ನು ತೆಗೆದುಕೊಂಡು ಬಂದು ಅವಳ ಮುಂದೆಯೇ ಕೂತು ತಿಂದೆ. ಉಪ್ಪು ಒಂದು ಚೂರು ಹೆಚ್ಚಾಗಿತ್ತು. ಹಾಗಂತಲೇ ಹೇಳಿದೆ. “ಹೌದಾ? ನನಗೆ ಈಗೀಗ ರುಚಿ ತಿಳಿಯಲ್ಲ ಕಣೇ” ಎಂದು ಚಿಕ್ಕಮ್ಮ ನಕ್ಕಳು.